ಸೂಜಿಯ ಸರದಿ

ಶಿಕಾರಿಪುರದ ಗಾದಿ ಅಂಗಡಿಯ ಸರ್ವರ್ ಬೀ ನಕ್ಕರೆ ಬೀದಿಯ ಆ ಕೊನೆಗೂ ಕೇಳುತ್ತಿತ್ತು. ಗಂಡ ಜಬೀವುಲ್ಲಾ ಮಾತು ಕಡಿಮೆಯ ಮನುಷ್ಯ. ಅರಳೆ ಹಿಂಜುವ ಯಂತ್ರ ಅವನ ಪಾಲಿಗೆ, ಗಿರಾಕಿಗಳು ಇವಳ ಪಾಲಿಗೆ. ಹಳೇ ಗಾದಿ ಹೊತ್ತು ತಂದವರನ್ನು "ಇದ್ರಾಗೆ ಅರಳೆಗಿಂತ ಧೂಳೇ ಜಾಸ್ತಿ ಐತಲ್ರೀ" ಎಂದು ಛೇಡಿಸಿ, ಅವರನ್ನೂ ನಗಿಸಿ, ಹೊಸದಕ್ಕೆ ಒಪ್ಪಿಸುವುದು ಅವಳಿಗೆ ಸಲೀಸು.

ಚಳಿಗಾಲ ಆಗಷ್ಟೇ ಶುರುವಾಗಿದ್ದ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನಾಗಿಯೇ ಸೋರಿಹೋಯಿತು. ಚಹಾ ತಂದ ಸೊಸೆ ಸಬಿಹಾ ಅತ್ತೆಯ ಮುಖ ನೋಡಿ ಅಲ್ಲೇ ನಿಂತುಬಿಟ್ಟಳು. ಬಲಗೆನ್ನೆ ಜೋತುಬಿದ್ದಿತ್ತು, ಬಾಯಿ ಎಡಕ್ಕೆ ಎಳೆದಿತ್ತು. ಮುಚ್ಚಲು ಹೋದರೆ ಬಲಗಣ್ಣಿನ ರೆಪ್ಪೆ ಅರ್ಧಕ್ಕೇ ನಿಲ್ಲುತ್ತಿತ್ತು.

ಲಕ್ವ ಹೊಡೆದಿದೆ ಎಂದರು ನೆರೆಯವರು. ಗಾಳಿ ಸೋಕಿದೆ ಎಂದರು ಇನ್ನು ಕೆಲವರು. ಸೊರಬದ ನೆಂಟರೊಬ್ಬರು ಪಾರಿವಾಳದ ರಕ್ತ ಹಚ್ಚಿಸಿದರು. ಅದು ಒಣಗಿ ಚರ್ಮ ಬಿಗಿಯಿತೇ ಹೊರತು ಮುಖ ಏಳಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋದಾಗ ವೈದ್ಯರು, "ಇದು ಮುಖದ ನರದ ತೊಂದರೆ, ಮೆದುಳಿಂದಲ್ಲ. ಬೇಗ ಬಂದಿದ್ರೆ ಒಳ್ಳೇದಿತ್ತು" ಎಂದು ಮಾತ್ರೆ ಬರೆದುಕೊಟ್ಟರು. ತಿಂಗಳುಗಳು ಹೋದವು. ಬಾಯಿ ಒಂದಿಷ್ಟು ಸರಿಹೋಯಿತು, ಕಣ್ಣು ಹಾಗೇ ಉಳಿಯಿತು. ನಿದ್ದೆಯಲ್ಲೂ ತೆರೆದೇ ಇರುವ ಆ ಕಣ್ಣು ಒಂದು ದಿನ ಆರಿಹೋಗುತ್ತದೆ ಎಂಬ ಭಯ ಅವಳೊಳಗೆ ಕೂತಿತು. ಸೆರಗನ್ನು ಮುಖಕ್ಕೆ ಅಡ್ಡ ಹಿಡಿದೇ ಅಂಗಡಿಯಲ್ಲಿ ಕೂರತೊಡಗಿದಳು. ಗಿರಾಕಿಗಳೊಡನೆ ಈಗ ಸಬಿಹಾ ಮಾತಾಡುತ್ತಿದ್ದಳು.

ಆ ಹೊತ್ತಿನಲ್ಲೇ ಶಿವಮೊಗ್ಗದ ಆಸ್ಪತ್ರೆಯೊಂದರಿಂದ ಬಂದವರು ಊರಲ್ಲಿ ತಪಾಸಣೆ ನಡೆಸಿದರು. ಹೀಗೆ ಮುಖ ಸೊಟ್ಟಗಾಗಿ ಪೂರ್ತಿ ಗುಣವಾಗದವರಿಗೆ ಕೊರಿಯಾ ದೇಶದ ಪಾರಂಪರಿಕ ಪದ್ಧತಿಯಲ್ಲಿ ಸೂಜಿ ಚುಚ್ಚಿದರೆ ಉಪಯೋಗವಿದೆಯೇ ಎಂಬುದು ಅವರ ಸಂಶೋಧನೆ. ನಡೆಸುತ್ತಿದ್ದವರು ಡಾಕ್ಟರ್ ಶಾಲಿನಿ. ಆ ವಿದ್ಯೆಯನ್ನು ಕೊರಿಯಾಕ್ಕೇ ಹೋಗಿ ಕಲಿತವರು.

ಶಾಲಿನಿ ಮೂರು ಬೆರಳಿಟ್ಟು ನಾಡಿ ನೋಡಿದರು, ನಾಲಿಗೆ ಚಾಚಿಸಿದರು, ಹೊಟ್ಟೆ ಒತ್ತಿದರು. ಅಂಗೈ ಅಂಗಾಲು ತಣ್ಣಗಿರುತ್ತವಾ, ಬಿಸಿನೀರು ಇಷ್ಟವಾ ತಣ್ಣೀರಾ, ಕನಸು ಬೀಳುತ್ತವಾ ಎಂದೆಲ್ಲ ಕೇಳಿದರು.

"ಮುಖದ ರೋಗಕ್ಕೆ ಅಂಗಾಲಿನ ಸಮಾಚಾರ ಯಾಕ್ರೀ ಡಾಕ್ಟ್ರಮ್ಮ?"

"ಅವರ ಪದ್ಧತಿ ಹಾಗೇ ಅಮ್ಮ. ರೋಗ ಒಂದೇ ಆದ್ರೂ ಮೈ ಬೇರೆ ಬೇರೆ ಅಂತಾರೆ. ಯಾರಿಗೆ ಎಲ್ಲಿ ಚುಚ್ಚಬೇಕು ಅಂತ ಅದನ್ನ ನೋಡಿ ತೀರ್ಮಾನಿಸ್ತಾರೆ."

ಬಂದವರನ್ನೆಲ್ಲ ಎರಡು ಗುಂಪು ಮಾಡುತ್ತಾರಂತೆ. ಎರಡೂ ಗುಂಪಿಗೆ ಕಣ್ಣಿನ ಹನಿ ಔಷಧಿ, ಮುಖದ ವ್ಯಾಯಾಮ. ಒಂದಕ್ಕೆ ಈಗಲೇ ಸೂಜಿ. ಇನ್ನೊಂದಕ್ಕೆ ಅಧ್ಯಯನದ ಅವಧಿ ಮುಗಿದ ಮೇಲೆ. ಯಾರು ಎಲ್ಲಿಗೆ ಎಂಬುದು ಕಂಪ್ಯೂಟರ್ ಎತ್ತುವ ಚೀಟಿ, ವೈದ್ಯರ ಕೈಯಲ್ಲೂ ಇಲ್ಲ. ಸರ್ವರ್ ಬೀಗೆ ಬಂದದ್ದು ಕಾಯುವ ಗುಂಪು. ಬಳ್ಳಿಗಾವಿಯಿಂದ ಬರುತ್ತಿದ್ದ ರೈತ ಹುಚ್ಚರಾಯಪ್ಪನಿಗೆ ಸೂಜಿ ಬಂತು.

ಇಬ್ಬರೂ ಪರೀಕ್ಷೆಗೆಂದು ಶಿವಮೊಗ್ಗಕ್ಕೆ ಹೋಗಿ ವಾಪಸು ಬರುವ ಬಸ್ಸಿನಲ್ಲಿ ಅವನು ಕೆನ್ನೆ ಸವರಿಕೊಳ್ಳುತ್ತ, "ಇರುವೆ ಕಚ್ಚಿದಂಗೆ ಆಕ್ಕತಿ ನೋಡ್ರಿ, ಆಮೇಲೆ ಒಳಗೆಲ್ಲ ಜುಂ ಅಂತತಿ" ಎಂದು ಹೇಳುತ್ತಿದ್ದರೆ, ಸರ್ವರ್ ಬೀ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ತನ್ನ ಹಣೆಬರಹವೇ ಇಷ್ಟು ಎನಿಸುತ್ತಿತ್ತು.

ವ್ಯಾಯಾಮವನ್ನು ಕನ್ನಡಿ ನೋಡಿಕೊಂಡೇ ಮಾಡಬೇಕು. ಹುಬ್ಬೇರಿಸು, ಮೂಗು ಸುಕ್ಕಿಸು, ಕೆನ್ನೆ ಉಬ್ಬಿಸು. ಮೊದಲ ಸಲ ಅರ್ಧ ಮುಖ ಕುಣಿದು ಅರ್ಧ ಮುಖ ಸುಮ್ಮನಿದ್ದದ್ದು ಕಂಡು ಅವಳು ಕನ್ನಡಿಯನ್ನು ಬೋರಲು ಹಾಕಿಬಿಟ್ಟಳು. ಜಬೀವುಲ್ಲಾ ಯಂತ್ರ ನಿಲ್ಲಿಸಿ ಬಂದು ಎದುರಿಗೆ ಕೂತ.

"ಕನ್ನಡಿ ಬ್ಯಾಡ. ನನ್ನ ನೋಡ್ಕೊಂಡು ಮಾಡು."

ಗಡ್ಡದ ಮೇಲೆಲ್ಲ ಅರಳೆ ಅಂಟಿದ್ದ ಆ ಮನುಷ್ಯ ಗಂಭೀರವಾಗಿ ಕೆನ್ನೆ ಉಬ್ಬಿಸಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಸೊಟ್ಟಗೆ ಬಂದ ಆ ನಗು ಅಳುವಿನಲ್ಲಿ ಮುಗಿಯಿತು. ಮರುದಿನವೂ ಅವನು ಬಂದು ಕೂತ.

ಬೇಸಿಗೆ ಶುರುವಾಗಿ ಗಾದಿ ಬಿಚ್ಚಿಸುವವರು ಹೆಚ್ಚಾದರು. ಧೂಳು ಬೇಡವೆಂದು ಶಾಲಿನಿ ಹೇಳಿದ್ದರೂ ಕೆಲಸ ಬಿಡಲಾಗದೆ ಸರ್ವರ್ ಬೀ ಯಂತ್ರದ ಬಳಿಯೇ ಹೊಲಿಯುತ್ತ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಬಲಗಣ್ಣಿನಲ್ಲಿ ಮರಳು ಹೊಕ್ಕಂತಾಯಿತು. ಮಧ್ಯಾಹ್ನದ ಹೊತ್ತಿಗೆ ಬೆಳಕು ಚುಚ್ಚತೊಡಗಿತು, ಕಣ್ಣು ಕೆಂಡದಂತೆ ಕೆಂಪಾಯಿತು.

ಅವಳು ಯಾರಿಗೂ ಹೇಳಲಿಲ್ಲ. ಕಣ್ಣು ಕೆಟ್ಟಿದೆ ಎಂದು ಗೊತ್ತಾದರೆ ಸಂಶೋಧನೆಯಿಂದ ತೆಗೆದುಹಾಕುತ್ತಾರೆ, ಇಷ್ಟು ಕಾದ ಸೂಜಿಯ ಸರದಿ ತಪ್ಪಿಹೋಗುತ್ತದೆ ಎಂಬ ಹೆದರಿಕೆ ಅವಳಿಗೆ. ತಲೆನೋವು ಎಂದು ಹೇಳಿ ಒಳಗಿನ ಕತ್ತಲ ಕೋಣೆ ಸೇರಿದಳು. ಮಲಗಿದರೂ ಸಮಾಧಾನವಿಲ್ಲ. ಎಡಗಣ್ಣನ್ನು ಕೈಯಿಂದ ಮುಚ್ಚಿ ಬಲಗಣ್ಣಿಂದ ಬಾಗಿಲು ಕಾಣುತ್ತದೆಯೇ ಎಂದು ನೋಡುವಳು. ಬಾಗಿಲು ಮಬ್ಬಾಗಿತ್ತು. ಮತ್ತೆ ನೋಡುವಳು. ಇನ್ನೂ ಮಬ್ಬಾದಂತೆ ಕಾಣುತ್ತಿತ್ತು. ನಿಜವೋ ತನ್ನ ಭಯವೋ ತಿಳಿಯದೆ ಕೈ ಮತ್ತೆ ಎಡಗಣ್ಣಿಗೆ ಹೋಗುತ್ತಿತ್ತು.

ಮರುದಿನ ಊಟ ತಂದ ಸಬಿಹಾ ದೀಪ ಹಾಕಿದ್ದೇ ತಡ, ಅತ್ತೆ ಮುಖ ಮುಚ್ಚಿಕೊಂಡು ಚೀರಿದ್ದು ಕೇಳಿ ಗಾಬರಿಯಾದಳು. ಬಲವಂತವಾಗಿ ಕೈ ಸರಿಸಿ ನೋಡಿದಳು.

"ಅಯ್ಯೋ ಅತ್ತೆ, ಕಣ್ಣು ಹಿಂಗಾಗೈತಲ್ಲ! ಯಾಕೆ ಹೇಳ್ಲಿಲ್ಲ?"

"ಸುಮ್ನಿರೇ. ಡಾಕ್ಟ್ರಮ್ಮಂಗೆ ಗೊತ್ತಾದ್ರೆ ಸೂಜಿ ಹಾಕಲ್ಲ."

"ಕಣ್ಣೇ ಹೋದ್ಮೇಲೆ ಸೂಜಿ ತಗಂಡು ಏನ್ ಮಾಡ್ತೀರಿ?" ಎಂದವಳೇ ಸಬಿಹಾ ಶಾಲಿನಿಗೆ ಫೋನ್ ಹಚ್ಚಿದಳು.

"ಬಸ್ಸಿಗೆ ಕಾಯಬೇಡಿ, ಸಿಕ್ಕ ಗಾಡೀಲಿ ಈಗಲೇ ಕರ್ಕೊಂಡು ಬನ್ನಿ" ಎಂದರು ಶಾಲಿನಿ.

ಶಿವಮೊಗ್ಗದವರೆಗೂ ಜಬೀವುಲ್ಲಾ ಹೆಂಡತಿಯ ಕಣ್ಣಿಗೆ ಒದ್ದೆ ಬಟ್ಟೆ ಅಡ್ಡ ಹಿಡಿದು ಕೂತಿದ್ದ. ಶಾಲಿನಿ ಬಾಗಿಲಲ್ಲೇ ಕಾಯುತ್ತಿದ್ದರು. ನೇರವಾಗಿ ಕಣ್ಣಿನ ವೈದ್ಯರ ಬಳಿ ಕರೆದೊಯ್ದರು. ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ. ಅರಳೆಯ ಎಳೆಯೊಂದು ಗೀರಿರಬೇಕು, ರೆಪ್ಪೆ ಮುಚ್ಚದೆ ಒಣಗಿ ಆ ಗಾಯ ಕೆಟ್ಟಿದೆ, ಕಣ್ಣು ಉಳಿಯುತ್ತದೋ ಇಲ್ಲವೋ ಕೆಲವು ದಿನ ನೋಡಬೇಕು ಎಂದರು ಆ ವೈದ್ಯರು.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಸರ್ವರ್ ಬೀ ಕೇಳಿದ್ದು ಒಂದೇ ಮಾತು: "ನನ್ನ ಹೆಸರು ಹೊಡದು ಹಾಕಿದ್ರಾ?"

ಶಾಲಿನಿ ಅವಳ ಪಕ್ಕದಲ್ಲೇ ಕೂತರು. "ಇದಕ್ಕಾಗಿ ಮುಚ್ಚಿಟ್ರಾ ಅಮ್ಮ? ನೀವು ಸಂಶೋಧನೇಲಿ ಇದ್ರೂ ಬಿಟ್ರೂ ನಿಮ್ಮ ಕಣ್ಣು ಮೊದಲು. ಹೆಸರು ಎಲ್ಲಿಗೂ ಹೋಗಲ್ಲ. ನಾನು ಇದನ್ನ ಮೊದಲ ದಿನವೇ ನಿಮಗೆ ಬಿಡಿಸಿ ಹೇಳಬೇಕಿತ್ತು."

ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಗಂಟೆಗೊಮ್ಮೆ ಹನಿ ಹಾಕುತ್ತಿದ್ದರು. ಹೆಜ್ಜೆ ಸಪ್ಪಳವಾದಾಗೆಲ್ಲ ಅವಳ ಕೈ ಮಂಚದ ಅಂಚನ್ನು ಹಿಡಿಯುತ್ತಿತ್ತು. ಇವತ್ತು ವೈದ್ಯರು ಏನೆನ್ನುವರೋ ಎಂಬ ದಿಗಿಲು. ಜಬೀವುಲ್ಲಾ ಹೊರಗೆ ನಮಾಜು ಮುಗಿಸಿ ಬಂದು ಅವಳ ಕಾಲ ಬಳಿ ಕೂರುತ್ತಿದ್ದ. ಕೊನೆಗೊಂದು ದಿನ ವೈದ್ಯರು, "ಹುಣ್ಣು ಮಾಯ್ತಾ ಇದೆ. ಒಂದು ಚುಕ್ಕೆ ಮಬ್ಬು ಉಳಿಯಬಹುದು, ಕಣ್ಣಿಗೇನೂ ಆಗಲ್ಲ" ಎಂದಾಗ ಜಬೀವುಲ್ಲಾ ಎದ್ದು ಹೊರಗೆ ಹೋದ. ತಿರುಗಿ ಬಂದಾಗ ಅವನ ಕಣ್ಣು ನೋಡಿ, ಅತ್ತು ಬಂದಿದ್ದಾನೆಂದು ಅವಳಿಗೆ ಗೊತ್ತಾಯಿತು.

ಈ ಪ್ರಕರಣವನ್ನು ಶಾಲಿನಿ ಸಂಶೋಧನೆಯ ಮೇಲ್ವಿಚಾರಣಾ ಸಮಿತಿಗೆ ತಿಳಿಸಿದರು. ಅಂದಿನಿಂದ ಅದರಲ್ಲಿದ್ದ ಎಲ್ಲರಿಗೂ ಆಗಾಗ ಕಣ್ಣಿನ ಪರೀಕ್ಷೆ, ಮಲಗುವಾಗ ರೆಪ್ಪೆಗೆ ಅಂಟಿಸುವ ಪಟ್ಟಿ, ಧೂಳಿನ ಕೆಲಸದವರಿಗೆ ಕನ್ನಡಕ ಕಡ್ಡಾಯವಾಯಿತು. ಜಬೀವುಲ್ಲಾ ಹಿಂಜುವ ಯಂತ್ರವನ್ನು ಹಿತ್ತಲಿಗೆ ಸಾಗಿಸಿದ.

ಮಳೆಗಾಲದ ಹೊತ್ತಿಗೆ ಅವಳ ಸರದಿ ಬಂತು. ಜೀವನವಿಡೀ ದಬ್ಬಣದಲ್ಲಿ ಗಾದಿ ಹೊಲಿದ ಹೆಂಗಸು ಕೂದಲೆಳೆಯಂಥ ಸೂಜಿ ಕಂಡು ಬೆವೆತಳು. ಕೆನ್ನೆಗೆ, ಕಿವಿಯ ಹಿಂದೆ, ಹೆಬ್ಬೆರಳಿನ ಸಂದಿಗೆ ಒಂದೊಂದಾಗಿ ಇಳಿದವು. ವಾರಗಳು ಕಳೆದಂತೆ ಜೋತುಬಿದ್ದಿದ್ದ ಕೆನ್ನೆ ತುಸು ಮೇಲೆದ್ದಿತು. ರೆಪ್ಪೆ ಮುಕ್ಕಾಲು, ಆಮೇಲೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು.

"ಸೂಜಿಯಿಂದಾನೇ ಅಲ್ಲೇನ್ರೀ?" ಎಂದಳು.

"ಗೊತ್ತಿಲ್ಲ ಅಮ್ಮ" ಎಂದರು ಶಾಲಿನಿ. "ವ್ಯಾಯಾಮದಿಂದಾನೂ ಇರಬಹುದು, ನರ ತಾನಾಗೇ ಚೇತರಿಸ್ಕೊಂಡಿರಬಹುದು. ಎಲ್ಲರ ಲೆಕ್ಕ ಒಟ್ಟು ಮಾಡದೆ ನಾನು ಹೇಳಿದ್ರೆ ಸುಳ್ಳಾಗುತ್ತೆ."

ಆ ಉತ್ತರ ಅವಳಿಗೆ ಹಿಡಿಸಲಿಲ್ಲ. ಆದರೂ ಆ ಡಾಕ್ಟರಮ್ಮನ ಮೇಲೆ ಅವಳ ನಂಬಿಕೆ ಹೆಚ್ಚಿತು.

ಸಂಶೋಧನೆಯ ಫಲಿತಾಂಶ ಇನ್ನೂ ಬಂದಿಲ್ಲ. ಬಲಗಣ್ಣಿನಲ್ಲಿ ಒಂದು ಚುಕ್ಕೆ ಮಬ್ಬು ಉಳಿದಿದೆ, ನಕ್ಕರೆ ಬಾಯಿ ಚೂರು ಎಡಕ್ಕೆ ಹೋಗುತ್ತದೆ. ಮೊನ್ನೆ ಗಾದಿ ಮಾಡಿಸಲು ಬಂದ ಹುಚ್ಚರಾಯಪ್ಪ, "ನನ್ನ ಮುಖ ನೋಡ್ರಿ, ನಿಮಗಿಂತ ನೆಟ್ಟಗಾಗೇತಿ" ಎಂದ.

ಸರ್ವರ್ ಬೀ ಸೆರಗು ಸರಿಸಿ ಅವನನ್ನು ದಿಟ್ಟಿಸಿದಳು. "ಮೀಸೆ ಸೊಟ್ಟ ಐತೆ, ಅದನ್ನ ಮೊದ್ಲು ನೆಟ್ಟಗೆ ಮಾಡ್ಕೊಳ್ರೀ" ಎಂದಳು. ಹಿತ್ತಲಿನಲ್ಲಿದ್ದ ಜಬೀವುಲ್ಲಾನಿಗೆ ಅವಳ ನಗು ಕೇಳಿತು.