ಅಪ್ಪ ಎಳೆ ಎಣಿಸಲು ಕುಳಿತದ್ದು

ಸನತ್‌ನಗರದ ಕಾರ್ಖಾನೆ ಮುಚ್ಚಿದಾಗ ಅಪ್ಪನಿಗೆ ಐವತ್ತೆರಡು. ವರ್ಷಗಟ್ಟಲೆ ಲೇತ್ ಮಷೀನಿನ ಮುಂದೆ ನಿಂತ ಮನುಷ್ಯ, ಕೂಕಟ್‌ಪಲ್ಲಿಯ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಬಾಲ್ಕನಿಗೂ ಅಡುಗೆಮನೆಗೂ ಅಡ್ಡಾಡುತ್ತಿದ್ದ. ಮನೆ ನಡೆದದ್ದು ಅವ್ವನ ಸೂಜಿಯಿಂದ. ಧಾರವಾಡದ ತವರಿನಲ್ಲಿ ಅಜ್ಜಿಯಿಂದ ಕಲಿತ ಕಸೂತಿ ಅವಳದು. ಅದರಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ನೇಯ್ಗೆಯ ಎಳೆ ಎಣಿಸಿಕೊಂಡೇ ಹೊಲಿಗೆ ಹಾಕಬೇಕು. ಕೆಲಸ ಚೊಕ್ಕವಾದರೆ ಸೀರೆಯ ಹಿಂಬದಿಯೂ ಮುಂಬದಿಯಷ್ಟೇ ಚೆಂದ.

ಒಂದು ಮಧ್ಯಾಹ್ನ ಅವ್ವ ತಾನು ಹೊಲಿಯುತ್ತಿದ್ದ ಸೀರೆಯನ್ನು ಅಪ್ಪನ ಮಡಿಲಿಗೆ ಹಾಕಿದಳು.

"ಏನ್ರಿ, ಇದರಾಗ ಎಲ್ಲೋ ಎಳಿ ತಪ್ಪೈತಿ. ಸ್ವಲ್ಪ ನೋಡ್ರಿ."

ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಹನ್ನೊಂದನೇ ಹೊಲಿಗಿ. ನಾಕ ಎಳಿ ಬದಲಿ ಐದು ತಗೊಂಡೀ."

"ಹಂಗಾರ ನೀವ ಸರಿ ಮಾಡ್ರಿ."

"ನನಗೇನ್ ಬರತೈತಿ?"

"ಎಣಸಾಕ ಬರತೈತಲ್ಲ. ಉಳಿದದ್ದು ನಾ ಹೇಳ್ತೀನಿ."

ಹಳೆಯ ಧೋತರದ ತುಂಡಿನ ಮೇಲೆ ಕಲಿಕೆ ಶುರುವಾಯಿತು. ಕಬ್ಬಿಣ ಹಿಡಿದು ಒರಟಾದ ಬೆರಳುಗಳಿಗೆ ಸೂಜಿ ಸಿಗುತ್ತಲೇ ಇರಲಿಲ್ಲ. ಆದರೆ ಅಳತೆ ತಪ್ಪುತ್ತಿರಲಿಲ್ಲ. ಆರೇಳು ತಿಂಗಳಲ್ಲಿ ಸೆರಗಿನ ಮೇಲೆ ಗೋಪುರ, ಆನೆಗಳನ್ನು ಮೂಡಿಸುವ ಕೆಲಸ ಅವನ ಕೈಗೆ ಬಂತು. ಕರೆಗಂಟೆ ಸದ್ದಾದರೆ ಮಾತ್ರ ಬಟ್ಟೆ ದಿಂಬಿನ ಕೆಳಗೆ ಹೋಗುತ್ತಿತ್ತು, ಪೇಪರು ಕೈಗೆ ಬರುತ್ತಿತ್ತು. ಹೊರಗೆ ಯಾರಿಗೂ ಹೇಳಬಾರದೆಂದು ಅವ್ವನಿಂದ ಮಾತು ತೆಗೆದುಕೊಂಡಿದ್ದ. ನನ್ನಿಂದ ಮಾತು ತೆಗೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಅವನ ಮುಖ ನೋಡಿದರೆ ಸಾಕಿತ್ತು.

ಆ ವರ್ಷ ನಾರಾಯಣಗೂಡದಲ್ಲಿರುವ ನಮ್ಮ ಧಾರವಾಡ ಕಡೆಯ ಹೆಂಗಸೊಬ್ಬರು ತಮ್ಮ ಸೀರೆ ಒಯ್ಯಲು ಬಂದರು. ಸೆರಗನ್ನು ತಿರುವಿ ಹಿಂಬದಿ ನೋಡಿದರು. ಮತ್ತೆ ಮುಂಬದಿ ನೋಡಿದರು.

"ಈ ಗೋಪುರ ಭಾಳ ಚಂದ ಬಂದಾವ್ರಿ. ನಿಮ್ಮ ಕೈ ಇನ್ನೂ ಪಳಗೈತಿ."

ಅವ್ವನಿಗೆ ತನ್ನದಲ್ಲದ ಹೊಗಳಿಕೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ, ಕೊಟ್ಟ ಮಾತು ಮುರಿಯಲೂ ಮನಸ್ಸಾಗಲಿಲ್ಲ. ಆಗ ಒಳಕೋಣೆಯ ಬಾಗಿಲಲ್ಲಿ ಅಪ್ಪ ಕಾಣಿಸಿದ.

"ಅದು ನಾ ಹಾಕಿದ್ದರಿ."

ಅವರು ಅವನ ಕೈ ನೋಡಿದರು. ನಗಲಿಲ್ಲ. "ಹಂಗಾರ ನಮ್ಮ ಮಗಳ ಮದಿವಿ ಸೀರಿನೂ ನೀವ ಹಾಕಿಕೊಡ್ರಿ, ಕಾಕಾರ."

"ಯಾವಾಗ ಬೇಕ್ರಿ?" ಎಂದ ಅಪ್ಪ. ಎಷ್ಟೋ ದಿನಗಳ ಮೇಲೆ ಅವನ ದನಿಯಲ್ಲಿ ಕೆಲಸಕ್ಕೆ ಹೊರಟವನ ಗಡಿಬಿಡಿ ಕೇಳಿಸಿತು.

ಅವರು ಹೋದ ಮೇಲೆ ಅವ್ವ ಅಪ್ಪನ ಪಕ್ಕ ಕುಳಿತು, ಸೂಜಿ ಚುಚ್ಚಿ ಚುಚ್ಚಿ ತೂತಾಗಿದ್ದ ಅವನ ಬೆರಳ ತುದಿಗೆ ಕೊಬ್ಬರಿಎಣ್ಣೆ ಹಚ್ಚಿದಳು. ನಾನು ಚಹಾಕ್ಕಿಡುವ ನೆಪದಲ್ಲಿ ಎದ್ದು ಹೋದೆ.

ಈಗ ಇಬ್ಬರೂ ಒಂದೇ ಸೀರೆಯ ಎರಡು ತುದಿ ಹಿಡಿದು ಬಾಲ್ಕನಿಯಲ್ಲಿ ಕೂರುತ್ತಾರೆ, ಬಾಗಿಲು ತೆರೆದೇ ಇರುತ್ತದೆ. ದಾರದ ಬಣ್ಣ ಮಾತ್ರ ಇಂದಿಗೂ ಅವ್ವನೇ ಆರಿಸಬೇಕು. ಅಪ್ಪನಿಗೆ ಬಿಟ್ಟರೆ ಆನೆಗಳೆಲ್ಲ ಹಸಿರಾಗುತ್ತವೆ.