ಚಪ್ಪಾಳೆ ನಿಂತ ಮೇಲೆ

ಮಾರೆತ್ ಕ್ಯಾಮೆರಾ ಬ್ಯಾಟರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಜುಲೈ ತಿಂಗಳ ಸೆಕೆಯಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನ ಟ್ರಾಮಿನಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿರುವಾಗಲೂ, ಎಪ್ಪತ್ತು ದಾಟಿದ ಈ ಹೆಂಗಸು ಅಂಗಿಯೊಳಗೆ ಕೈಹಾಕಿ ಬೆಚ್ಚಗಿನ ಬ್ಯಾಟರಿಯೊಂದನ್ನು ಹೊರತೆಗೆಯುತ್ತಿದ್ದರು. ಹಿಮದ ನಾಡಿನಲ್ಲಿ ಅಂಟಿಕೊಂಡ ಚಾಳಿ. ಚಳಿಗೆ ಬ್ಯಾಟರಿ ಸತ್ತುಹೋಗುತ್ತದಂತೆ. "ಇಲ್ಲೆಲ್ಲಿದೆ ಚಳಿ?" ಎಂದು ಕೇಳಿದರೆ, "ಅಭ್ಯಾಸ ತಪ್ಪಬಾರದು. ನಾಳೆ ಎಲ್ಲಿಗೆ ಹೋಗ್ತೀನೋ ಯಾರಿಗ್ಗೊತ್ತು" ಎನ್ನುತ್ತಿದ್ದರು. ಅವರು ಆಡುತ್ತಿದ್ದದ್ದು ಒರಟು ಇಂಗ್ಲಿಷ್. ನನ್ನ ನೆನಪಿನಲ್ಲಿ ಮಾತ್ರ ಅದೆಲ್ಲ ನಮ್ಮ ಮೈಸೂರು ಕನ್ನಡವಾಗಿಬಿಟ್ಟಿದೆ, ಏನು ಮಾಡಲಿ.

ಅವರು ಎಸ್ಟೋನಿಯಾದ ಒಂದು ದ್ವೀಪದವರು. ಮನೆಯಿಂದ ಕೂಗಳತೆಯಲ್ಲಿ ಸಮುದ್ರ. ಆದರೆ ಸೋವಿಯತ್ ಕಾಲದಲ್ಲಿ ಅದು ದೇಶದ ಗಡಿ. ದಡಕ್ಕೆ ತಂತಿಬೇಲಿ, ಬೇಲಿಗೆ ಕಾವಲು. "ಅಲೆ ಸದ್ದು ಕೇಳ್ತಾ ಮಲಗಬೇಕು, ಆದ್ರೆ ದೋಣಿ ಹತ್ತೋ ಹಾಗಿಲ್ಲ. ಅಲ್ಲೇ ನನಗೆ ಹುಚ್ಚು ಹಿಡಿದಿದ್ದು" ಎನ್ನುತ್ತಿದ್ದರು. ಬೇಲಿ ಹೋದ ಮೇಲೆ ಈಕೆ ಒಂದು ಕಡೆ ಕೂತವರಲ್ಲ. ಜಾರುಬಂಡಿಯಲ್ಲಿ ಹಿಮ ದಾಟುವವರು, ನೀರು ತುಂಬಿದ ಗುಹೆಗೆ ಇಳಿಯುವವರು, ಯಾರೂ ಕಾಣದ ಜಾಗಕ್ಕೆ ಹೊರಟವರು ಯಾರೇ ಇರಲಿ, ಅವರ ಬೆನ್ನಿಗೆ ಬಿದ್ದು ಸಾಕ್ಷ್ಯಚಿತ್ರ ತೆಗೆದರು. ತೆಗೆದ ರೀತಿ ಮಾತ್ರ ವಿಚಿತ್ರ. ಗುರಿ ಮುಟ್ಟಿದ ಗಳಿಗೆಯನ್ನು ಬೇಕೆಂದೇ ಬಿಟ್ಟುಬಿಡುತ್ತಿದ್ದರು. "ಬಾವುಟ ನೆಡೋದನ್ನ ಎಲ್ಲರೂ ತೆಗೀತಾರೆ. ನೆಟ್ಟಾದ್ಮೇಲೆ ಮನುಷ್ಯ ಏನ್ ಮಾಡ್ತಾನೆ ಅಂತ ನೋಡು. ನನ್ನ ಚಿತ್ರ ಅಲ್ಲಿ ಶುರು."

ನನಗೆ ಅವರ ಪರಿಚಯವಾದದ್ದು ಕೆಲಸದ ಜಾಗದಲ್ಲಿ. ಬಾಹ್ಯಾಕಾಶ ನೌಕೆಗಳನ್ನು ಇಲ್ಲಿಂದಲೇ ನಡೆಸುವ ಕೇಂದ್ರದಲ್ಲಿ ನಾನು ಎಂಜಿನಿಯರ್. ವರ್ಷಗಟ್ಟಲೆ ಪ್ರಯಾಣ ಮಾಡಿದ ನೌಕೆಯೊಂದು ಗುರಿಯ ಹತ್ತಿರ ಬಂದಾಗ ಮಾರೆತ್ ಅದರ ಚಿತ್ರ ತೆಗೆಯಲು ಬಂದರು. ನಮ್ಮ ಮನೆಯ ಮೇಲಿನ ಮಹಡಿಯಲ್ಲೇ ಕೋಣೆ ಹಿಡಿದರು. ಊಟಕ್ಕೆ ಕರೆದ ಮೊದಲ ದಿನ ನಾನು ನಮ್ಮ ಯಜಮಾನರಿಗೆ ಅನ್ನ ಬಡಿಸುತ್ತಲೇ ಇದ್ದೆ, ಅವರು ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು ಸಾಕು" ಎನ್ನುತ್ತಲೇ ಇದ್ದರು. ಮಾರೆತ್‌ಗೆ ಆ ಶಬ್ದ ಬಹಳ ಹಿಡಿಸಿತು. ಮರುದಿನದಿಂದ ಕ್ಯಾಮೆರಾ ನಿಲ್ಲಿಸುವಾಗಲೆಲ್ಲ "ಸಾಕು" ಅನ್ನುವುದೇ. ನಮ್ಮ ಜರ್ಮನ್ ಸಹೋದ್ಯೋಗಿಗಳು ಅದನ್ನು ಎಸ್ಟೋನಿಯನ್ ಎಂದುಕೊಂಡಿದ್ದರು.

ನೌಕೆ ಗುರಿ ಮುಟ್ಟಿದ ಸಂಕೇತ ಬಂದ ದಿನ ಹಾಲ್ ತುಂಬ ಚಪ್ಪಾಳೆ, ಅಪ್ಪುಗೆ, ಕಣ್ಣೀರು. ಈ ಮಹಾತಾಯಿ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಎಲ್ಲರೂ ಚದುರಿದ ಮೇಲೆ ನನಗೆ ಹಸಿವು ನೆನಪಾಯಿತು. ಡಬ್ಬಿ ತೆಗೆದು ಮೊಸರನ್ನ ತಿನ್ನುತ್ತ ಕೂತೆ, ಯಾಕೋ ಅಳು ಬಂತು, ಅಳುತ್ತಲೇ ತಿಂದೆ. ತಲೆ ಎತ್ತಿದರೆ ಎದುರಿಗೆ ಕ್ಯಾಮೆರಾ. ಚಿತ್ರಕ್ಕೆ ದುಡ್ಡು ಹಾಕಿದ್ದ ಟಿವಿಯವರು ಕೆಂಡವಾದರು: ಚಪ್ಪಾಳೆ ಎಲ್ಲಿ? ಇನ್ನೊಮ್ಮೆ ತಟ್ಟಿಸಿ ತೆಗೆಯಿರಿ, ಇಲ್ಲವಾದರೆ ನಾವಿಲ್ಲ. ನಮ್ಮ ಕೇಂದ್ರದವರೂ ತಟ್ಟಲು ತಯಾರಿದ್ದರು. ಮಾರೆತ್ ಒಪ್ಪಲಿಲ್ಲ. "ಎರಡನೇ ಸಲ ಮುಟ್ಟಿದ್ರೆ ಅದು ಮುಟ್ಟಿದ ಹಾಗಲ್ಲ. ಹೋಗಲಿ ಬಿಡು" ಎಂದರು. ಟಿವಿಯವರು ಹೋದರು. ಮಾರೆತ್ ಮತ್ತೆರಡು ವರ್ಷ ದುಡ್ಡಿಗಾಗಿ ಬಾಗಿಲು ಬಾಗಿಲು ತಟ್ಟಿ ಚಿತ್ರ ಮುಗಿಸಿದರು. ಅದು ಮುಗಿಯುವುದು ನನ್ನ ಮೊಸರನ್ನದ ಮೇಲೆ. ಅಮ್ಮ ಮೈಸೂರಿನಲ್ಲಿ ಕೂತು ನೋಡಿ, "ತಲೆ ಬಾಚ್ಕೋಬಾರ್ದಿತ್ತೇನೇ" ಎಂದಳು.

ಆಮೇಲೆ ಮಾರೆತ್‌ಗೆ ಉತ್ತರ ಧ್ರುವದ ಕಡೆ ಹೋಗುವ ಹಡಗಿನ ಯೋಚನೆ ಹತ್ತಿತು. ಮಂಜುಗಡ್ಡೆಯ ನಡುವೆ ಚಳಿಗಾಲ ಕಳೆಯುವ ಸಂಶೋಧಕರ ಹಡಗು. ಡಾಕ್ಟರು ಹೃದಯ ಸೋತಿದೆ, ಹೋಗಲೇಬಾರದು ಎಂದಿದ್ದರು. ನಾನು ಜಗಳವಾಡಿದೆ, ಬೇಡಿಕೊಂಡೆ.

"ಹೋಗದೇ ಇದ್ರೆ ಹೃದಯ ಗಟ್ಟಿಯಾಗುತ್ತಾ?" ಎಂದರು.

"ಆಗಲ್ಲ. ಆದ್ರೆ ನೀವು ಇಲ್ಲೇ ಇರ್ತೀರಲ್ಲ" ಎಂದೆ.

"ಬೇಲಿ ಒಳಗೆ ನಾನು ಇದ್ದಿದ್ದು ಸಾಕಾಗಿದೆ ಕಣಮ್ಮ. ಈ ಚಿತ್ರ ಮುಗಿಸ್ತೀನಿ. ಅಷ್ಟು ತಡೆಯುತ್ತೆ ಈ ಹೃದಯ, ನಾನು ಹೇಳಿದ್ದೀನಿ ಅದಕ್ಕೆ."

ಹೊರಡುವ ದಿನ ಊರಿನ ಮುಖ್ಯ ರೈಲು ನಿಲ್ದಾಣದಲ್ಲಿ ಚಿಕ್ಕ ಕ್ಯಾಮೆರಾವೊಂದನ್ನು ನನ್ನ ಕೈಗಿತ್ತರು. ಚಿತ್ರದ ಮೊದಲ ದೃಶ್ಯವಾಗಿ ತಾವು ರೈಲು ಹತ್ತುವುದನ್ನು ನಾನು ತೆಗೆಯಬೇಕು. ಗಾಡಿ ಕಣ್ಮರೆಯಾದ ಮೇಲೆ "ಸಾಕು" ಎಂದು ಗುಂಡಿ ಒತ್ತಬೇಕು. ಅವರು ಹತ್ತಿದರು, ಕಿಟಕಿಯಿಂದ ಕೈ ಬೀಸಿದರು, ಗಾಡಿ ಹೋಯಿತು. "ಸಾಕು" ಎಂದು ಒತ್ತಿದೆ. ಟ್ರಾಮಿನಲ್ಲಿ ಕೂತು ನೋಡಿದರೆ ಎಲ್ಲ ತಿರುವುಮುರುವು. ಮೊದಲು ಒತ್ತಿದಾಗ ಗುಂಡಿ ಕೆಲಸವನ್ನೇ ಮಾಡಿರಲಿಲ್ಲ. ಕೊನೆಗೆ ಒತ್ತಿದಾಗ ಕ್ಯಾಮೆರಾ ಶುರುವಾಗಿತ್ತು. ಖಾಲಿ ಹಳಿ, ನನ್ನ ಚಪ್ಪಲಿ, ನಾನು ಮೂಗು ಎಳೆದುಕೊಳ್ಳುತ್ತ "ಹಠಮಾರಿ ಮುದುಕಿ, ವಾಪಸ್ ಬಂದ್ರೆ ಸರಿ" ಎಂದು ಬೈಯುತ್ತಿರುವ ದನಿ.

ಕೂಡಲೇ ಫೋನ್ ಮಾಡಿದೆ. "ಫ್ರಾಂಕ್‌ಫರ್ಟ್‌ನಲ್ಲಿ ಇಳೀರಿ. ಅಲ್ಲಿಗೇ ಬರ್ತೀನಿ, ಇನ್ನೊಂದ್ಸಲ ತೆಗೆಯೋಣ" ಎಂದೆ. ಏನಾಯಿತೆಂದು ಪೂರ್ತಿ ಕೇಳಿಕೊಂಡು ಅವರು ನಕ್ಕರು. "ಯಾವುದನ್ನೂ ಅಳಿಸಬೇಡ. ಹಾಗೇ ಕಳಿಸು."

ರೈಲು ಹತ್ತಿಸಿದ್ದೇ ಕೊನೆಯ ಭೇಟಿ. ಹೃದಯ ಅವರ ಮಾತು ಕೇಳಿತು. ಇಡೀ ಚಳಿಗಾಲ ತಡೆಯಿತು. ಚಿತ್ರವನ್ನು ತಮ್ಮ ದ್ವೀಪದ ಮನೆಯಲ್ಲಿ ಕೂತು ಮುಗಿಸಿ, ಅದು ತೆರೆಗೆ ಬರುವ ಮೊದಲೇ ಮಾರೆತ್ ತೀರಿಕೊಂಡರು.

ಹೋದ ತಿಂಗಳು ಇಲ್ಲಿಯ ಚಿಕ್ಕ ಥಿಯೇಟರಿನಲ್ಲಿ ಅದನ್ನು ತೋರಿಸಿದರು. ಮೊದಲ ದೃಶ್ಯ ಖಾಲಿ ಹಳಿ, ನನ್ನ ಚಪ್ಪಲಿ, ನನ್ನ ಬೈಗುಳ. ಕೊನೆಯದು ಎಲ್ಲರೂ ಇಳಿದುಹೋದ ಹಡಗಿನ ಖಾಲಿ ಡೆಕ್, ಅದರ ಮೇಲೆ ಮಾರೆತ್ ದನಿಯಲ್ಲಿ ಮೆಲ್ಲಗೆ "ಸಾಕು". ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ. ದೀಪ ಹತ್ತಿತು, ಸಾಲುಗಳು ಖಾಲಿಯಾದವು.

"ಮುಗೀತಲ್ಲ, ನಡಿ ಹೋಗೋಣ" ಎಂದರು ನಮ್ಮವರು.

"ತಾಳ್ರೀ" ಎಂದೆ. "ಅವರ ಚಿತ್ರ ಶುರುವಾಗೋದೇ ಈಗ."