ಮುನೀರ್ ಭಾಯ್ ಗಡಿಯಾರ ನೋಡುತ್ತಿದ್ದರು

ಶಿವಾಜಿನಗರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುತ್ತಿದ್ದ ಆ ಟಾಕೀಸು ಈಗಿಲ್ಲ. ಅಲ್ಲಿ ಇಪ್ಪತ್ತಾರು ವರ್ಷ ಟಾರ್ಚ್ ಹಿಡಿದು ಸೀಟು ತೋರಿಸಿದವರು ಮುನೀರ್. ಹಲಸೂರಿನಿಂದ ಸಿನಿಮಾಕ್ಕೆ ಹೋಗುತ್ತಿದ್ದ ನಮ್ಮಂಥವರಿಗೆ ಮಾತ್ರ ಅವರ ನೆನಪು ಊಟದ ಜೊತೆಗೇ ಬರುತ್ತದೆ. ಷೋ ಬಿಟ್ಟ ಮೇಲೆ ಗೇಟಿನ ಹತ್ತಿರ ಏಳೆಂಟು ಜನ ಅವರನ್ನು ಸುತ್ತಿಕೊಂಡಿರುತ್ತಿದ್ದರು.

"ಮುನೀರ್ ಭಾಯ್, ಎಲ್ಲಿ ತಿನ್ನೋದು?"

ಅವರು ಮೊದಲು ಕೈಗಡಿಯಾರ ನೋಡುತ್ತಿದ್ದರು. ಹೋಟೆಲಿನ ಮಾತು ಆಮೇಲೆ. ಸುತ್ತಲಿನ ಯಾವ ಅಡುಗೆಮನೆಯಲ್ಲಿ ಯಾವ ಹೊತ್ತಿಗೆ ಏನು ಇಳಿಯುತ್ತದೆ ಎಂಬುದು ಅವರಿಗೆ ಷೋ ಟೈಮಿನಷ್ಟೇ ಖಚಿತವಾಗಿ ಗೊತ್ತಿತ್ತು. ಬೆಳಗಿನ ಆಟ ಬಿಡುವುದು ಎರಡಕ್ಕೆ. ಬಿರಿಯಾನಿಯ ಎರಡನೇ ಹಂಡಿಯ ಮುಚ್ಚಳ ಆಗ ತಾನೇ ತೆಗೆದಿರುತ್ತಾರೆ. ಮ್ಯಾಟಿನಿ ಐದೂಕಾಲಿಗೆ, ಅಷ್ಟು ಹೊತ್ತಿಗೆ ಹಂಡಿಯ ತಳ ಕಾಣುತ್ತಿರುತ್ತದೆ, ಹೋಗಬಾರದು. ಚಾಂದ್ ಪಾಷಾ ಅವರ ಅಂಗಡಿಯ ತಂದೂರಿ ರೊಟ್ಟಿ ಬಿಸಿಯಾಗಿ ಬರುವ ಹೊತ್ತು ಅದು. ನಮ್ಮಂಥ ಸಸ್ಯಾಹಾರಿಗಳಿಗೆ ಬೇರೆ ದಾರಿ. "ವಡೆ ಬೇಡ ಸಾರ್, ಬೆಳಿಗ್ಗೆದು. ದೋಸೆ ತಗೊಳ್ಳಿ."

ನಮ್ಮಪ್ಪ ಒಮ್ಮೆ ಕೆಣಕಿದ್ದರು. "ಏನ್ರೀ ಮುನೀರ್, ಹೋಟ್ಲೋರು ಕಮಿಷನ್ ಕೊಡ್ತಾರಾ?"

"ಎಲ್ಲಿ ಸಾರ್! ಅರ್ಧ ಜನಾನ ಅಲ್ಲಿಗೆ ಹೋಗ್ಬೇಡಿ ಅಂತೀನಲ್ಲ, ಬಯ್ಯದೇ ಇದ್ರೆ ಸಾಕು."

೨೦೦೩ರಲ್ಲಿ ಟಾಕೀಸು ಮುಚ್ಚಿತು. ಸುತ್ತ ತಗಡು ಹೊಡೆದರು. ಮುನೀರ್‌ಗೆ ಆಗ ಐವತ್ಮೂರು. ಹೆಂಡತಿ ಫಹ್ಮಿದಾ ಸೀರೆಗಳಿಗೆ ಫಾಲ್ಸ್ ಹಾಕಿ ತಂದ ದುಡ್ಡಿನಲ್ಲಿ ಆರು ತಿಂಗಳು ಮನೆ ನಡೆಯಿತು. ಮುನೀರ್ ವಯಸ್ಸಿನವರನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಕೊನೆಗೆ ಕರೆದದ್ದು ಇಂದಿರಾನಗರದ ನೂರಡಿ ರಸ್ತೆಯ ಒಂದು ಹೊಸ ರೆಸ್ಟೋರೆಂಟು. ಹಳೆಯ ಬಂಗಲೆ, ಹೊಸ ಗಾಜು. ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುವ ಕೆಲಸ. ಮೆರೂನ್ ಕೋಟು, ತಲೆಗೆ ಪೇಟ. ಒಂದು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು.

ಇಷ್ಟೆಲ್ಲ ನನಗೆ ತಿಳಿದದ್ದು ಆಮೇಲೆ. ನಾನಾಗ ಸಿ.ವಿ. ರಾಮನ್ ನಗರದಲ್ಲಿದ್ದೆ. ಮಗಳು ಗಂಗಾಗೆ ಎರಡೂವರೆ ವರ್ಷ. ಹಿಂದಿನ ವಾರವಷ್ಟೇ ವಾಂತಿಭೇದಿಯಾಗಿ ಡ್ರಿಪ್ ಹಾಕಿಸಿದ್ದೆವು. ಕುದಿಸಿ ಆರಿಸಿದ ನೀರು, ಮನೆಯದೇ ಚಮಚ, ಎಲ್ಲ ಬ್ಯಾಗಿನಲ್ಲಿ. ಇಂದಿರಾನಗರದಲ್ಲಿ ಡಾಕ್ಟರಿಗೆ ತೋರಿಸಿ ಹೊರಬಂದಾಗ ಮೂರೂವರೆ. ಮಗು ಹಸಿದು ಅಳುತ್ತಿತ್ತು. ಎದುರಿಗೆ ಕಂಡ ಬಾಗಿಲಿಗೆ ಹೋದೆ.

"ಹಲಸೂರ್ ಸಾರ್ ಮಗಳಲ್ವಾ ಅಮ್ಮಾ?"

ಪೇಟದ ಕೆಳಗಿನ ಮುಖದ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಅಯ್ಯೋ, ಮುನೀರ್ ಭಾಯ್! ಇಲ್ಲಿ ಮಗೂಗೆ ಏನ್ ಕೊಡಿಸ್ಬಹುದು? ಮೊಸರನ್ನ ಇದ್ಯಾ? ಹೋದ್ವಾರ ಡ್ರಿಪ್ ಹಾಕ್ಸಿದ್ವಿ. ನೀರು ನಾನೇ ತಂದಿದೀನಿ."

ಅವರ ಹಿಂದೆಯೇ ಮ್ಯಾನೇಜರ್ ನಿಂತಿದ್ದ. "ಬನ್ನಿ ಮೇಡಂ, ಬಫೆ ಇನ್ನೂ ಇದೆ," ಎಂದ.

ಮುನೀರ್ ಕೋಟಿನ ತೋಳು ಸರಿಸಿ ಗಡಿಯಾರ ನೋಡಿದರು.

"ಬೇಡ ಅಮ್ಮಾ. ಅನ್ನ ಇಳಿಸಿದ್ದು ಹನ್ನೆರಡಕ್ಕೆ. ಏಳರ ತನಕ ಹೊಸದು ಬರಲ್ಲ. ಹಿಂದಿನ ಕ್ರಾಸಲ್ಲಿ ಈಗ ಇಡ್ಲಿ ಬೇಯಕ್ಕೆ ಇಟ್ಟಿರ್ತಾರೆ, ಅಲ್ಲಿ ಕೊಡ್ಸಿ."

"ಮುನೀರ್, ಸ್ವಲ್ಪ ಒಳಗ್ ಬನ್ನಿ," ಎಂದ ಮ್ಯಾನೇಜರ್.

ನಾವು ಹಿಂದಿನ ಕ್ರಾಸಿಗೆ ಹೋದೆವು. ಮುಚ್ಚಳ ತೆಗೆದಾಗ ಹಬೆ ಎದ್ದಿತು. ಗಂಗಾ ಒಂದೂವರೆ ಇಡ್ಲಿ ತಿಂದಳು.

ಮರುವಾರ ಅದೇ ಬಾಗಿಲಲ್ಲಿ ಪೇಟದ ಕೆಳಗೆ ಬೇರೆ ಮುಖವಿತ್ತು. ಕೇಳಿದೆ. "ಅವ್ರನ್ನ ತೆಗೆದ್ಬಿಟ್ರು ಮೇಡಂ. ಖಾಯಂ ಆಗಕ್ಕೆ ಮೂರೇ ದಿನ ಇತ್ತಂತೆ."

ಎರಡು ರಾತ್ರಿ ನಿದ್ದೆ ಬರಲಿಲ್ಲ. "ಚಿಂತೆ ಮಾಡೋಕೆ ನಿಂಗೆ ಮಗಳೊಬ್ಳು ಸಾಲ್ದಾ?" ಎಂದರು ನನ್ನ ಯಜಮಾನರು. ಟಾಕೀಸಿನ ಸುತ್ತ ಯಾರಿಗಾದರೂ ಅವರ ಸುದ್ದಿ ಗೊತ್ತಿರಬಹುದೆಂದು ಶನಿವಾರ ಮಗುವನ್ನು ಎತ್ತಿಕೊಂಡು ಶಿವಾಜಿನಗರದ ಬಸ್ ಹತ್ತಿದೆ. ಟಾಕೀಸಿನ ತಗಡಿನ ಎದುರು ಚಾಂದ್ ಪಾಷಾ ಅವರ ಅಂಗಡಿಯಲ್ಲಿ ಮುನೀರ್ ರೊಟ್ಟಿ ಕಟ್ಟಲು ಹಳೆಯ ಪೇಪರ್ ಹರಿಯುತ್ತಿದ್ದರು. ಸಂಜೆ ಹೊತ್ತಿನ ಕೆಲಸವಷ್ಟೇ. ಸಂಬಳ ರೆಸ್ಟೋರೆಂಟಿನದರ ಅರ್ಧ.

"ನನ್ನಿಂದ ನಿಮ್ ಕೆಲ್ಸ ಹೋಯ್ತು," ಎಂದೆ.

"ನಿಮ್ಮೊಬ್ರಿಂದ ಯಾಕಮ್ಮಾ? ಅವತ್ತು ಮಧ್ಯಾಹ್ನ ನಾನು ವಾಪಸ್ ಕಳಿಸಿದವ್ರಲ್ಲಿ ನೀವು ಮೂರ್ನೇ ಪಾರ್ಟಿ."

ಒಳಗಿನಿಂದ ಚಾಂದ್ ಪಾಷಾ ಕೂಗಿದರು: "ಇಲ್ಲೂ ಅದೇ ಕಥೆ ಮೇಡಂ! ನಿನ್ನೆ ನನ್ ಗಿರಾಕಿಗೇ ಕಬಾಬ್ ಬೇಡ ಅಂದ್ರು ಈ ಮಹಾನುಭಾವ್ರು."

"ತಣ್ಣಗಾಗಿತ್ತು," ಎಂದರು ಮುನೀರ್, ಪೇಪರ್ ಹರಿಯುತ್ತಲೇ.

"ಆಯ್ತು ಗುರು, ತಣ್ಣಗಾಗಿತ್ತು. ಅದನ್ನ ಮೆತ್ತಗೆ ಹೇಳ್ಬೋದಿತ್ತಲ್ಲ?"

ಮಗುವಿಗೆ ಒಂದು ರೊಟ್ಟಿ ಕೇಳಿದೆ. ಮುನೀರ್ ಗಡಿಯಾರ ನೋಡಿದರು.

"ಹತ್ನಿಮಿಷ ಕೂತ್ಕೊಳ್ಳಿ. ತಂದೂರಿ ಈಗಷ್ಟೇ ಹಚ್ಚಿದ್ದು, ಮೊದಲ್ನೇ ಸುತ್ತಿನ ರೊಟ್ಟಿಗೆ ಬೂದಿ ಹಿಡಿಯುತ್ತೆ, ಮಗೂಗೆ ಬೇಡ."

ಗಂಗಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಂಚಿನ ಮೇಲೆ ಕಾದೆ. ಮೊದಲ ಸುತ್ತಿನ ಎರಡು ರೊಟ್ಟಿಗಳನ್ನು ಚಾಂದ್ ಪಾಷಾ ಗೊಣಗುತ್ತಲೇ ಮುರಿದು ಅರ್ಧ ಮುನೀರ್ ಕೈಗಿಟ್ಟರು. ಬೂದಿ ಒರೆಸಿಕೊಂಡು ಇಬ್ಬರೂ ಚಹಾದಲ್ಲಿ ಅದ್ದಿ ತಿಂದರು.